ಆರು ಬಲ್ಬು, ಮೂರು ದಿನ

ಹೊಸ ಗ್ರಾಫಿಕ್ಸ್ ಕಾರ್ಡು ಬಂದು ನನ್ನ ಮೇಜಿನ ಮೇಲೆ ಕೂತು ನಾಲ್ಕು ದಿನವಾಗಿತ್ತು. ಪೆಟ್ಟಿಗೆಯನ್ನು ಇನ್ನೂ ಒಡೆದಿರಲಿಲ್ಲ. ನಾನು ಮದುವೆ ವಿಡಿಯೋ ಮಾಡುವವನು, ಅಂಕೋಲೆಯಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ ಇದೆ. ಈಗಿನವರಿಗೆ ಮದುಮಗಳ ಮೂಗುಬೊಟ್ಟಿನ ಹರಳು ಎಣಿಸುವಷ್ಟು ಸ್ಪಷ್ಟವಾದ ಚಿತ್ರ ಬೇಕು. ಹಳೆಯ ಕಂಪ್ಯೂಟರಿಗೆ ಅದನ್ನು ಎಳೆಯುವ ತ್ರಾಣವಿಲ್ಲ. ಹೊಸ ಕಾರ್ಡು ಹಾಕಬೇಕೆಂದರೆ ಅದಕ್ಕೆ ತಕ್ಕ ಪವರ್ ಸಪ್ಲೈ ಬೇಕು. ಯಾವುದನ್ನು ಕೊಳ್ಳಲಿ ಎಂದು ಮೊಬೈಲಿನಲ್ಲಿ ಹುಡುಕುತ್ತ ಕೂತಿದ್ದೆ. ಒಬ್ಬ ಒಂದನ್ನು ಹೊಗಳಿ ಆಕಾಶಕ್ಕೇರಿಸಿದ್ದಾನೆ, ಅದರ ಕೆಳಗೇ ಇನ್ನೊಬ್ಬ ಅದು ಸುಟ್ಟು ಕರಕಲಾದ ಫೋಟೋ ಹಾಕಿದ್ದಾನೆ. ತಲೆ ಕೆಟ್ಟುಹೋಗಿ, ಇದೆಲ್ಲ ಸಾಕು, ಕಾರವಾರಕ್ಕೆ ಫೋನ್ ಮಾಡಿ ದಾದಾನನ್ನೇ ಕೇಳೋಣ ಎಂದುಕೊಂಡೆ. ಆರು ವರ್ಷಗಳಿಂದ ಆ ನಂಬರು ಒತ್ತುವ ಮೊದಲು ನನ್ನ ಬೆರಳು ಒಂದು ಗಳಿಗೆ ತಡೆಯುತ್ತಿತ್ತು. ಅಂದೂ ತಡೆಯಿತು. ಅಷ್ಟರಲ್ಲಿ ಫೋಟೋಗ್ರಾಫರುಗಳ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಬಂತು. ಕೆಳಗೆ ಜೋಡಿಸಿದ ಎರಡು ಕೈಗಳ ಚಿತ್ರ. ಬೆಳಿಗ್ಗೆ ಕೆಲಸದ ಮೇಜಿನ ಮುಂದೆ ಕೂತಲ್ಲೇ ಹೋಗಿಬಿಟ್ಟರಂತೆ, ಹೃದಯದ ತೊಂದರೆ.

ಅವರ ಹೆಸರನ್ನು ಬರೆಯುವುದಿಲ್ಲ. ಅಂಗಡಿಯ ಬೋರ್ಡಿನ ಮೇಲೂ ಅವರು ಅದನ್ನು ಬರೆಸಿಕೊಂಡಿರಲಿಲ್ಲ. ಕೋಡಿಬಾಗದ ಕಡೆಗೆ ಹೋಗುವ ರಸ್ತೆಯಲ್ಲಿ ಮನೆ, ಮನೆಯ ಮುಂದಿನ ಕೋಣೆಯೇ ಅಂಗಡಿ, ಅದರ ಮೇಲೆ ಒಂದು ತಗಡಿನಲ್ಲಿ 'ಕಂಪ್ಯೂಟರ್ ರಿಪೇರಿ' ಎಂದಷ್ಟೇ ಇತ್ತು. ಹೆಸರು ಯಾಕಿಲ್ಲ ಎಂದು ಕೇಳಿದ್ದಕ್ಕೆ, "ಕೆಟ್ಟದ್ದು ಅವ್ರ ಮಶಿನ್ನು, ನನ್ ಹೆಸ್ರು ಕಟ್ಕಂಡು ಎಂತಾ ಮಾಡ್ತ್ರು?" ಎಂದಿದ್ದರು. ಕಾರವಾರದ ಕಡೆ ಅಣ್ಣನನ್ನು ಕರೆಯುವ ಹಾಗೆ ನಾವೆಲ್ಲ ಅವರನ್ನು ದಾದಾ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ವೈನಿ ಎನ್ನುತ್ತಿದ್ದೆವು. ಇಬ್ಬರಿಗೂ ಆ ಹೆಸರುಗಳೇ ಸಾಕಾಗಿದ್ದವು.

ಸಣ್ಣ ಆಳು. ಕನ್ನಡಕದ ಒಂದು ಕಡ್ಡಿಗೆ ತಾಮ್ರದ ತಂತಿ ಸುತ್ತಿದ್ದರು. ಕೆಲಸ ಮಾಡುವಾಗ ಬಿಚ್ಚಿದ ಸ್ಕ್ರೂಗಳನ್ನೆಲ್ಲ ತುಟಿಗಳ ನಡುವೆ ಹಿಡಿದಿಟ್ಟುಕೊಳ್ಳುವ ಅಭ್ಯಾಸ. ಆಗ ಏನು ಕೇಳಿದರೂ ಉತ್ತರವಿಲ್ಲ. ಒಂದೊಂದೇ ಸ್ಕ್ರೂ ತನ್ನ ಜಾಗಕ್ಕೆ ಹೋಗಿ ಬಾಯಿ ಖಾಲಿಯಾದ ಮೇಲೆ, ಅರ್ಧ ಗಂಟೆಯ ಹಿಂದೆ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ನಾವು ಅಷ್ಟರಲ್ಲಿ ಪ್ರಶ್ನೆಯನ್ನೇ ಮರೆತಿರುತ್ತಿದ್ದೆವು.

ಅವರು ರಿಪೇರಿ ಎಲ್ಲವನ್ನೂ ಮಾಡುತ್ತಿದ್ದರು. ಆದರೆ ಜೀವ ಇದ್ದದ್ದು ಪವರ್ ಸಪ್ಲೈಯಲ್ಲಿ. ಕಂಪ್ಯೂಟರು ಕೊಳ್ಳುವವರು ಉಳಿದದ್ದಕ್ಕೆಲ್ಲ ಕೈಬಿಚ್ಚಿ ಕೊನೆಗೆ ಇದೊಂದರಲ್ಲಿ ಜುಗ್ಗತನ ಮಾಡುತ್ತಾರೆ ಎಂಬುದು ಅವರ ದೊಡ್ಡ ಸಂಕಟ. ಗೋಡೆಯ ಕರೆಂಟನ್ನು ಇಳಿಸಿ, ಹದಮಾಡಿ ಯಂತ್ರದ ಒಂದೊಂದು ಅಂಗಕ್ಕೂ ಹಂಚುವ ಆ ಡಬ್ಬಿಯನ್ನು ಯಾರೂ ನೋಡುವುದಿಲ್ಲ. ಅದರಲ್ಲಿ ಬಣ್ಣದ ದೀಪವಿಲ್ಲ, ಹೊಗಳಿಕೊಳ್ಳುವುದಕ್ಕೆ ಏನೂ ಇಲ್ಲ. ಕೆಟ್ಟರೆ ಮಾತ್ರ ಅದು ಒಂಟಿಯಾಗಿ ಸಾಯುವುದಿಲ್ಲ, ಜೊತೆಗಿದ್ದವರನ್ನೂ ಕರೆದುಕೊಂಡು ಹೋಗುತ್ತದೆ.

ಒಮ್ಮೆ ಮಲ್ಲಾಪುರದ ನೌಕರರ ಕ್ವಾರ್ಟರ್ಸಿನಿಂದ ಬಂದ ಒಬ್ಬರು ಹೊಳೆಯುವ ಡಬ್ಬಿಯೊಂದನ್ನು ಅವರ ಮುಂದಿಟ್ಟು, "ಆರುನೂರು ವ್ಯಾಟ್ ಅಂತ ಬರ್ದದೆ ನೋಡಿ" ಎಂದರು. ದಾದಾ ಅದನ್ನು ಅಂಗೈಯಲ್ಲಿ ಎತ್ತಿ ನೋಡಿದರು. ಎರಡು ಸಲ ಮೇಲೆ ಕೆಳಗೆ ಆಡಿಸಿದರು. ಮೂಗಿನ ಹತ್ತಿರ ತಂದು ಜಾಲರಿಯನ್ನು ಮೂಸಿದರು.

"ಬಂಗಡೆ ತಕಂಬೂಕೆ ಹೋದ್ರೆ ಕಿವಿರು ಎತ್ತಿ ನೋಡ್ತ್ರಿ, ಹೌದಾ? ಕಣ್ಣು ನೋಡ್ತ್ರಿ, ಬೆರಳು ಒತ್ತಿ ನೋಡ್ತ್ರಿ. ಇದ್ಕೆ ಮಾತ್ರ ಸ್ಟಿಕ್ಕರ್ ನೋಡಿ ತಕಂಡು ಬಂದ್ರ್ಯಾ? ಸ್ಟಿಕ್ಕರು ಯಾರು ಬೇಕಾದ್ರೂ ಹಚ್ಚೂಕಾಗ್ತದೆ, ಮಾರಾಯ್ರೆ."

ಆಮೇಲೆ ಡಬ್ಬಿ ಬಿಚ್ಚಿ ತೋರಿಸಿದರು. ಒಳಗೆ ದಪ್ಪ ಸುರುಳಿ ಇರಬೇಕಾದ ಕಡೆ ಖಾಲಿ ಜಾಗ. ಶಾಖ ಹೀರುವ ಅಲ್ಯೂಮಿನಿಯಂ ಪಟ್ಟಿ ಬ್ಲೇಡಿನಷ್ಟು ತೆಳ್ಳಗೆ. ಒಟ್ಟು ವ್ಯಾಟ್ ಎಷ್ಟೆಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ, ಹನ್ನೆರಡು ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪಿಯರ್ ಎಂದು ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ಬರೆಯುತ್ತಾರೆ, ಓದಬೇಕಾದದ್ದು ಆ ಇರುವೆ ಅಕ್ಷರ ಎಂದು ಅವರು ಅಂದು ಹೇಳಿದ್ದು ನನಗೂ ಪಾಠವಾಯಿತು. ಯಂತ್ರ ಎಷ್ಟು ಕೇಳುತ್ತದೋ ಅದರ ಒಂದೂವರೆ ಪಟ್ಟು ಇರಬೇಕು, ಆದರೆ ಜಂಬಕ್ಕಾಗಿ ಸಾವಿರ ವ್ಯಾಟಿನದು ತರಬಾರದು ಎಂದೂ ಹೇಳುತ್ತಿದ್ದರು.

ಅವರ ತಾಯಿ ಕೇಣಿ ಊರಿನವರು, ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವರು. ಯಾವ ಮೀನು ಯಾವ ದೋಣಿಯದು, ಎಷ್ಟು ಹೊತ್ತಾಯಿತು ಎಂಬುದನ್ನು ಮೂಗಿನಿಂದಲೇ ಹೇಳುತ್ತಿದ್ದರಂತೆ. ದಾದಾ ಮೊದಲು ಬಿಣಗಾದ ಹತ್ತಿರ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿದ್ದರು. ಸುಟ್ಟ ವಾರ್ನಿಶ್ಶಿನ ವಾಸನೆಯಲ್ಲೇ ಎಷ್ಟೋ ವರ್ಷ ಕಳೆದರು. ತಾಯಿಯ ಮೂಗು, ಆ ಅಂಗಡಿಯ ಅಭ್ಯಾಸ ಎರಡೂ ಸೇರಿ ಅವರ ಪರೀಕ್ಷೆಯ ಪದ್ಧತಿ ಹುಟ್ಟಿತ್ತು.

ಆ ಪದ್ಧತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಂಗಡಿಯ ಗೋಡೆಗೆ ಒಂದು ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಸಾಲಾಗಿ ಕಾರಿನ ಆರು ಹೆಡ್‌ಲೈಟ್ ಬಲ್ಬು. ಯಾವ ಪವರ್ ಸಪ್ಲೈಯನ್ನೂ ಅವರು ಪೆಟ್ಟಿಗೆಯಿಂದ ತೆಗೆದು ನೇರವಾಗಿ ಗಿರಾಕಿಗೆ ಕೊಡುತ್ತಿರಲಿಲ್ಲ. ಮೊದಲು ಅದಕ್ಕೆ ಈ ಆರು ಬಲ್ಬುಗಳ ಹೊರೆ ಹೊರಿಸುತ್ತಿದ್ದರು. ಮೂರು ದಿನ ಬಿಡದೆ ಉರಿಯಬೇಕು. ದಿನಕ್ಕೆ ಹತ್ತಾರು ಸಲ ಎದ್ದುಹೋಗಿ ಜಾಲರಿಯನ್ನು ಮೂಸುತ್ತಿದ್ದರು. ಮೂರು ದಿನ ದಾಟಿದರೆ ಅದಕ್ಕೊಂದು ರಟ್ಟಿನ ಚೀಟಿ ಕಟ್ಟಿ, ಯಾರದ್ದೆಂದು ಬರೆದು, ಕೆಳಗೆ 'ಮೂರು ದಿನ. ವಾಸನೆ ಇಲ್ಲ' ಎಂದು ಬರೆಯುತ್ತಿದ್ದರು. ನಡುವೆ ಕರೆಂಟು ಹೋದರೆ ಲೆಕ್ಕ ಮತ್ತೆ ಒಂದರಿಂದ ಶುರು. ಇನ್‌ವರ್ಟರಿಗೆ ಹಾಕಿ ಅಂದರೆ ಸಿಟ್ಟು ಬರುತ್ತಿತ್ತು. "ಇದು ನಾಳೆ ನಿಮ್ಮನೆ ಗೋಡೆ ಕರೆಂಟನ್ನೇ ತಿನ್ನೂದಲ್ಲಾ? ಅದ್ನೇ ತಿಂದು ತೋರಿಸ್ಲಿ." ಮಳೆಗಾಲದಲ್ಲಿ ಈ ಮೂರು ದಿನ ಹಿಗ್ಗಿ ಹತ್ತು ದಿನವೂ ಆಗುತ್ತಿತ್ತು. ಗಿರಾಕಿಗಳು ಬೈದುಕೊಂಡು ಹೋಗುತ್ತಿದ್ದರು. ಮತ್ತೆ ಅಲ್ಲಿಗೇ ಬರುತ್ತಿದ್ದರು.

ಬಾಗಿಲ ಪಕ್ಕ ಒಂದು ಎತ್ತರದ ಮರದ ಸ್ಟೂಲು ಇತ್ತು. ಅದು ವೈನಿಯದು. ದಾದಾ ಮಲ್ಲಾಪುರಕ್ಕೋ ಬಿಣಗಾಕ್ಕೋ ರಿಪೇರಿಗೆ ಹೋದಾಗ ಅಂಗಡಿ ಅವರ ವಶ. ಬಂದವರ ಯಂತ್ರದ ಕಾಯಿಲೆ ಕೇಳಿ ಬರೆದಿಟ್ಟುಕೊಳ್ಳುವುದು, ಬಲ್ಬು ಹೋದರೆ ಬದಲಿಸುವುದು, ಕರೆಂಟು ಹೋದ ಹೊತ್ತನ್ನು ಗುರುತು ಹಾಕುವುದು ಎಲ್ಲ ಅವರೇ. "ಕಿಟಕಿ ಯಾವ ಬದಿಗದೆ?" ಎಂದು ದಾದಾನ ಹಾಗೆಯೇ ಮೊದಲು ಕೇಳುತ್ತಿದ್ದರು. ಸಮುದ್ರದ ಕಡೆಗಿದ್ದರೆ ಉಪ್ಪುಗಾಳಿಗೆ ಒಳಗಿನ ತಾಮ್ರಕ್ಕೆ ಹಸಿರು ಕಿಲುಬು ಹತ್ತಿರುತ್ತದೆ, ಅರ್ಧ ರೋಗ ಅಲ್ಲಿಯೇ ತಿಳಿಯುತ್ತದೆ. ಇಬ್ಬರಿಗೂ ಜಗಳವಾಗುತ್ತಿದ್ದದ್ದು ಒಂದೇ ಕಾರಣಕ್ಕೆ. ವೈನಿ ಸ್ಟೂಲಿನ ಮೇಲೆ ಕೂತು ಸಿಗಡಿ ಸುಲಿಯುತ್ತಿದ್ದರು, ಬಲ್ಬು ಉರಿಯುವ ದಿನ ಆ ವಾಸನೆಯಲ್ಲಿ ಪವರ್ ಸಪ್ಲೈಯ ವಾಸನೆ ಹತ್ತುವುದಿಲ್ಲ ಎಂದು ದಾದಾ ಕೂಗಾಡುತ್ತಿದ್ದರು. "ಸುಂಗ್ಟಾಂ ಹಾಂಗಾ ನಾಕಾ!" ಎಂದು ಕೊಂಕಣಿಯಲ್ಲಿ, ಸಿಗಡಿ ಇಲ್ಲಿ ಬೇಡವೆಂದು, ಗದರಿಸಿದರೆ ವೈನಿ ಸಿಗಡಿಯ ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತ, "ಹಂಗಾರೆ ಮಧ್ಯಾಹ್ನ ಬಲ್ಬಿನ ಸಾರು ಉಣ್ಣಿ" ಎಂದು ನನಗೆ ಕೇಳುವ ಹಾಗೆ ಕನ್ನಡದಲ್ಲಿ ಹೇಳುತ್ತಿದ್ದರು. ಮಧ್ಯಾಹ್ನ ಸಿಗಡಿ ಸಾರೇ ಇರುತ್ತಿತ್ತು. ನನಗೂ ಎಷ್ಟೋ ಸಲ ಬಡಿಸಿದ್ದಾರೆ.

ಇಷ್ಟು ಬರೆದ ಮೇಲೆ ನನ್ನ ಪಾಲಿನದನ್ನೂ ಬರೆಯಬೇಕು. ಬರೆಯದೆ ಬಿಟ್ಟರೆ ಮೇಲಿನದೆಲ್ಲ ನಾಲ್ಕು ಒಳ್ಳೆಯ ಮಾತು ಹೇಳಿ ಕೈ ತೊಳೆದುಕೊಂಡ ಹಾಗಾಗುತ್ತದೆ.

ಆರು ವರ್ಷದ ಹಿಂದಿನ ಮೇ ತಿಂಗಳು. ಆಗಲೂ ಕಂಪ್ಯೂಟರಿಗೆ ಹೊಸ ಕಾರ್ಡು ಹಾಕಿಸುತ್ತಿದ್ದೆ, ಆಗಲೂ ಪವರ್ ಸಪ್ಲೈ ಬೇಕಿತ್ತು. ದಾದಾ ತರಿಸಿ, ಸೋಮವಾರ ಬಲ್ಬುಗಳಿಗೆ ಹಚ್ಚಿದರು. ಮಳೆ ಹಿಡಿಯುವ ಮುಂಚಿನ ಗುಡುಗಿನ ದಿನಗಳು. ಮಂಗಳವಾರ ಕರೆಂಟು ಹೋಯಿತು, ಮತ್ತೆ ಒಂದರಿಂದ ಲೆಕ್ಕ. ಗುರುವಾರ ಬೆಳಿಗ್ಗೆ ಮತ್ತೆ ಹೋಯಿತು, ಮತ್ತೆ ಒಂದರಿಂದ. ನನಗೋ ಮದುವೆಗಳ ಸುಗ್ಗಿ. ಮೂರು ಮದುವೆಯ ಕೆಲಸ ತಲೆಯ ಮೇಲೆ ಕೂತಿತ್ತು. ಕ್ಯಾಮರಾದ ಕಾರ್ಡುಗಳು ಮುಂದಿನ ಮದುವೆಗೆ ಬೇಕಲ್ಲ ಎಂದು, ಮುಗಿದ ಮದುವೆಯ ಚಿತ್ರವನ್ನೆಲ್ಲ ಕಂಪ್ಯೂಟರಿಗೆ ಸುರಿದು ಕಾರ್ಡು ಅಳಿಸುತ್ತಿದ್ದೆ. ಇನ್ನೊಂದು ಪ್ರತಿ ಇಟ್ಟುಕೊಳ್ಳಬೇಕೆಂಬ ಬುದ್ಧಿ ಇರಲಿಲ್ಲವೆಂದಲ್ಲ, ಪುರುಸೊತ್ತು ಇರಲಿಲ್ಲ.

ಶುಕ್ರವಾರ ಸಂಜೆ ಬಸ್ಸು ಹತ್ತಿ ಕಾರವಾರಕ್ಕೆ ಹೋದೆ. ಬಲ್ಬುಗಳು ಉರಿಯುತ್ತಿದ್ದವು. ದಾದಾ ಮಲ್ಲಾಪುರಕ್ಕೆ ಹೋಗಿದ್ದರು. ವೈನಿ ಸ್ಟೂಲಿನ ಮೇಲೆ ಕೂತಿದ್ದರು.

"ದಾದಾನ ಫೋನ್ ಬಂದಿತ್ತು ವೈನಿ," ಎಂದೆ ನಾನು. "ಸಾಕು, ತಕಂಡು ಹೋಗು ಅಂದ್ರು."

ಫೋನ್ ಬಂದಿರಲಿಲ್ಲ. ಯೋಚನೆ ಮಾಡಿ ಕಟ್ಟಿದ ಸುಳ್ಳೂ ಅಲ್ಲ, ಬಾಯಿ ತೆರೆದಾಗ ಹೊರಗೆ ಬಿತ್ತು.

ವೈನಿ ಬಲ್ಬುಗಳ ಕಡೆ ನೋಡಿದರು. "ಒಂದೂವರೆ ದಿನ ಆಯ್ತು ಅಷ್ಟೇ. ಮೂರು ಆಗ್ಲಿಲ್ಲಲ್ಲಾ?"

"ಅಡ್ಡಿಲ್ಲ ಅಂದ್ರು."

ಅವರು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಯಾಕೆ ಕೇಳಬೇಕು? ಅವರ ಮನೆಯ ಅನ್ನ ಉಂಡವನು ನಾನು. ಸ್ವಿಚ್ಚು ಆರಿಸಿ, ತಂತಿ ಬಿಚ್ಚಿ, ಬಿಸಿ ಆರಲಿ ಎಂದು ಹತ್ತು ನಿಮಿಷ ಬಿಟ್ಟು, ಸೆರಗಿನಿಂದ ಒರೆಸಿ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಅಷ್ಟರಲ್ಲಿ ನನಗೆ ಚಹಾ ಬೇರೆ ಮಾಡಿದರು. ಆ ಚಹಾ ಕುಡಿದು ಬಂದೆ.

ಭಾನುವಾರ ಮಧ್ಯಾಹ್ನ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದಾಗ ಮೇಜಿನ ಕೆಳಗೆ ಢಬ್ಬೆಂದು ಸದ್ದಾಯಿತು. ಸುಟ್ಟ ವಾಸನೆ, ಬಿಳಿ ಹೊಗೆ. ಬೋರ್ಡು ಹೋಯಿತು, ಹೊಸ ಕಾರ್ಡು ಹೋಯಿತು, ಎರಡು ಹಾರ್ಡ್ ಡಿಸ್ಕ್‌ಗಳೂ ಹೋದವು. ಗಾಬರಿಯಲ್ಲಿ ಮೊದಲು ಮಾಡಿದ ಕೆಲಸ ದಾದಾನಿಗೆ ಫೋನ್ ಹಚ್ಚಿದ್ದು.

ಅವರು ಬೈಯಲಿಲ್ಲ. "ಅದು ನಿನ್ ಕೈಗೆ ಹ್ಯಾಂಗೆ ಬಂತು? ನಾ ಬಂದು ನೋಡೂವಷ್ಟ್ರಲ್ಲಿ ಇರ್ಲಿಲ್ಲ. ವೈನಿ ಕೊಟ್ಟಳಾ?" ಎಂದು ಕೇಳಿದರು. ಈಗ ಅನ್ನಿಸುತ್ತದೆ, ಶುಕ್ರವಾರದಿಂದ ಭಾನುವಾರದವರೆಗೆ ಅವರು ವೈನಿಯನ್ನು ಏನೂ ಕೇಳಿರಲಿಲ್ಲ, ನನ್ನನ್ನೂ ಕೇಳಿರಲಿಲ್ಲ. ಯಾರನ್ನೂ ಕಟಕಟೆಯಲ್ಲಿ ನಿಲ್ಲಿಸುವ ಸ್ವಭಾವ ಅವರದಲ್ಲ.

ನಾನು ಹೇಳಿದ್ದು ಎರಡೇ ಶಬ್ದ. "ವೈನಿ ಕೊಟ್ರು."

ಅದರಲ್ಲಿ ಸುಳ್ಳಿಲ್ಲ. ಆರು ವರ್ಷ ನಾನು ನನಗೆ ಹೇಳಿಕೊಂಡದ್ದು ಇದನ್ನೇ. ವೈನಿ ಕೊಟ್ಟದ್ದು ಹೌದಲ್ಲ, ನಾನೇನು ಕದ್ದು ತಂದೆನೇ? ಡಿಸ್ಕುಗಳು ಏನಾದವು ಎಂದಷ್ಟೇ ದಾದಾ ಕೇಳಿದರು. ಆಮೇಲೆ, "ಅಡ್ಡಿಲ್ಲ. ಡಿಸ್ಕು ತಕಂಡು ಬಾ, ನೋಡ್ವಾ" ಎಂದು ಫೋನ್ ಇಟ್ಟರು.

ಡಿಸ್ಕಿನ ಮುಂದೆ ಅವರು ಒಂದು ವಾರ ಕೂತರು. ಹುಬ್ಬಳ್ಳಿಗೂ ಕಳಿಸಿದರು. ಏನೂ ಬರಲಿಲ್ಲ. ಉಳಿದೆರಡು ಮದುವೆಯ ಚಿತ್ರ ಹೇಗೋ ಕ್ಯಾಮರಾದ ಕಾರ್ಡಿನಲ್ಲೇ ಉಳಿದಿತ್ತು, ಡಿಸ್ಕಿನಲ್ಲಿದ್ದ ಮದುವೆ ಅಂಕೋಲೆಯ ಒಂದು ಮನೆಯದು, ಮದುಮಗಳ ಅಣ್ಣ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿದ್ದ. ವಿಡಿಯೋ ತಡವಾಗುತ್ತದೆ ಎಂದು ನಾನು ಇಂದು ನಾಳೆ ಅನ್ನುತ್ತಲೇ ಇದ್ದೆ. ಮದುವೆಯಾಗಿ ಮೂರು ವಾರಕ್ಕೆ ಮದುಮಗಳ ಅಪ್ಪ ತೀರಿಕೊಂಡರು. ಕಾಯಿಲೆಯ ಮನುಷ್ಯ, ಧಾರೆಯೆರೆಯುವಾಗ ಕೈ ನಡುಗಿ ಮಗಳೇ ಕೆಳಗಿನಿಂದ ಅವರ ಕೈ ಹಿಡಿದಿದ್ದಳು. ಅದನ್ನು ನಾನು ಹತ್ತಿರದಿಂದ ತೆಗೆದಿದ್ದೆ. ಈಗ ಆ ಮನೆಯವರಿಗೆ ಬೇಕಾದದ್ದು ಅದೊಂದೇ.

ಅವರಿಗೆ ವಿಷಯ ತಿಳಿಸಬೇಕಾದ ದಿನ ದಾದಾನನ್ನೂ ಕರೆದೆ. ಯಂತ್ರ ಹೇಗೆ ಸುಟ್ಟಿತು ಎಂದು ತಿಳಿದವರೊಬ್ಬರು ಹೇಳಿದರೆ ನನ್ನ ಮೇಲಿನ ಸಿಟ್ಟು ಕಡಿಮೆಯಾದೀತು ಎಂಬ ಲೆಕ್ಕ. ದಾದಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್ಸಿನಲ್ಲಿ ಬಂದರು. ಮದುಮಗಳು ಬಾಗಿಲ ಬಳಿ ನಿಂತಿದ್ದಳು, ಅಣ್ಣ ಕುರ್ಚಿಯಲ್ಲಿದ್ದ. ನಾನು ಕರೆಂಟಿನ ಏರಿಳಿತ, ಗುಡುಗು, ಮಿಂಚು ಎಂದು ಏನೇನೋ ಶುರು ಮಾಡಿದೆ.

ದಾದಾ ನನ್ನ ಮೊಣಕೈ ಮುಟ್ಟಿ ನಿಲ್ಲಿಸಿದರು. "ತಪ್ಪು ನಂದು," ಎಂದರು. "ಪರೀಕ್ಷೆ ಪೂರ್ತಿ ಮಾಡ್ದೆ ಹೊರಗೆ ಬಿಟ್ಟೆ. ಇನ್ನೊಂದ್ ದಿನ ಉರ್ದಿದ್ರೆ ವಾಸನೆ ಬರ್ತಿತ್ತು, ನಂಗೆ ಗೊತ್ತಾಗ್ತಿತ್ತು. ಇವ್ರದೇನೂ ಇಲ್ಲ."

ಅಣ್ಣ ಎದ್ದು ನಿಂತು ಬಾಯಿಗೆ ಬಂದಂತೆ ಅಂದ. ಮನೆಯಲ್ಲಿ ಸೂತಕ ಇನ್ನೂ ಹಸಿಯಾಗಿತ್ತು, ಅವನನ್ನು ದೂರುವುದಿಲ್ಲ. ದಾದಾ ಕೈಕಟ್ಟಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಅವರ ಕನ್ನಡಕದ ಕಡ್ಡಿಯ ತಾಮ್ರದ ತಂತಿಯನ್ನೇ ನೋಡುತ್ತ ನಾನೂ ನಿಂತಿದ್ದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಮಾನ ಉಳಿಯಿತಲ್ಲ ಎಂದು ಒಳಗೊಳಗೇ ಹಗುರವಾಯಿತು. ಇದನ್ನು ಬರೆಯುವಾಗ ನಾಚಿಕೆಯಿಂದ ಮೈ ಬಿಸಿಯಾಗುತ್ತಿದೆ.

ಅವರು ಹೆಂಡತಿಯ ಹೆಸರು ಹೊರಗೆ ಬರದಿರಲೆಂದು ತಪ್ಪನ್ನು ಮೈಮೇಲೆ ಎಳೆದುಕೊಂಡರು ಎಂಬುದು ನನಗೆ ಆಗಲೇ ಗೊತ್ತಾಯಿತು. ಹೆಂಗಸೊಬ್ಬಳು ಅಂಗಡಿ ನೋಡಿಕೊಂಡರೆ ಹೀಗೇ ಆಗುವುದು ಎಂದು ನಾಳೆ ಯಾರೂ ಅನ್ನಬಾರದು. ಮಾತು ಮಲ್ಲಾಪುರ ಮುಟ್ಟಲು ಎರಡು ದಿನ ಬೇಕಾಗಲಿಲ್ಲ. ಆ ಕಡೆಯ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹಿಡಿದರು. ಮೊದಲು ವಾರಕ್ಕೆರಡು ಸಲ ಅಲ್ಲಿಗೆ ರಿಪೇರಿಗೆ ಹೋಗುತ್ತಿದ್ದ ದಾದಾ ತಿಂಗಳಿಗೊಮ್ಮೆಯೂ ಹೋಗದಾದರು.

ತಿಂಗಳಾದ ಮೇಲೆ ದಾದಾ ಮತ್ತೆ ಬಂದರು, ತೊಡೆಯ ಮೇಲೆ ಹೊಸ ಪವರ್ ಸಪ್ಲೈ ಇಟ್ಟುಕೊಂಡು. ತಾವೇ ಕೂತು ಜೋಡಿಸಿದರು. ತುಟಿಯ ಸ್ಕ್ರೂಗಳೆಲ್ಲ ಮುಗಿದ ಮೇಲೆ, "ಇದು ಮೂರು ದಿನ ಉರ್ದದೆ. ನಾ ಎದ್ರಿಗೇ ಕೂತಿದ್ದೆ" ಎಂದರು. ಸುಟ್ಟದ್ದನ್ನು ಚೀಲದಲ್ಲಿ ಹಾಕಿಕೊಂಡು ಹೋದರು. ಅಂದು ಅವರು ಕೂರಿಸಿದ್ದು ಇಂದಿಗೂ ಓಡುತ್ತಿದೆ. ಇದನ್ನು ಟೈಪು ಮಾಡುತ್ತಿರುವುದೂ ಅದರ ಮೇಲೆಯೇ.

ಆಮೇಲೂ ಅಂಗಡಿಗೆ ಹೋಗುತ್ತಿದ್ದೆ, ಮೊದಲಿನಷ್ಟು ಅಲ್ಲ. ಒಂದು ಬದಲಾವಣೆ ಕಣ್ಣಿಗೆ ಬಿದ್ದಿತ್ತು. ದಾದಾ ಹೊರಗೆ ಹೋಗುವಾಗ ಶಟರ್ ಎಳೆದು ಬೀಗ ಹಾಕಿ ಕೀಲಿ ಜೇಬಿಗೆ ಹಾಕುತ್ತಿದ್ದರು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಹಳೆಯ ಮಾನಿಟರೊಂದು ಬಂದು ಕೂತಿತ್ತು. ನೋಡಿದೆ, ಅರ್ಥವಾಯಿತು, ಅರ್ಥವಾಗದವನ ಹಾಗೆ ಇದ್ದೆ.

ಅವರು ಹೋದ ದಿನ ಮಣ್ಣಿಗೆ ಹೋಗಿ ಹಿಂದೆ ನಿಂತು ಬಂದೆ. ಹದಿಮೂರನೆಯ ದಿನ ಕಳೆದ ಮೇಲೆ ವೈನಿಯೇ ಫೋನ್ ಮಾಡಿದರು. ರಿಪೇರಿಗೆ ಬಂದು ಉಳಿದ ವಸ್ತುಗಳನ್ನೆಲ್ಲ ಅವರವರಿಗೆ ಮುಟ್ಟಿಸುತ್ತಿದ್ದಾರಂತೆ. "ನಿಮ್ದೂ ಒಂದುಂಟು. ಬಂದು ತಕಂಡು ಹೋಗಿ" ಎಂದರು.

ಶಟರ್ ಅರ್ಧ ತೆರೆದಿತ್ತು. ಬಲ್ಬುಗಳು ಆರಿದ್ದವು. ಆ ಅಂಗಡಿಯಲ್ಲಿ ಅವು ಆರಿದ್ದನ್ನು ನಾನು ನೋಡಿದ್ದು ಕಡಿಮೆ, ಕೋಣೆ ಹಗಲಿನಲ್ಲೂ ಕತ್ತಲೆಯೆನ್ನಿಸಿತು. ದಾದಾನ ಫೋಟೋ ಕೆಲಸದ ಮೇಜಿನ ಮೇಲೆಯೇ ಇತ್ತು. ವೈನಿ ನಿಂತುಕೊಂಡೇ ಕಪಾಟಿನ ಮೇಲಿನ ಸಾಲಿನಿಂದ ಒಂದು ಡಬ್ಬಿ ಇಳಿಸಿ ಕೊಟ್ಟರು. ಜಾಲರಿಯ ಸುತ್ತ ಮಸಿ ಹಿಡಿದಿತ್ತು. ರಟ್ಟಿನ ಚೀಟಿಯಲ್ಲಿ ದಾದಾನ ಅಕ್ಷರ: 'ಅಂಕೋಲಾ ಸ್ಟುಡಿಯೋ. ಒಂದೂವರೆ ದಿನ.' ಉಳಿದವುಗಳ ಮೇಲೆ ಇರುತ್ತಿದ್ದ 'ವಾಸನೆ ಇಲ್ಲ' ಎಂಬ ಎರಡನೆಯ ಮಾತು ಅದರ ಮೇಲಿರಲಿಲ್ಲ.

"ಎಸೀರಿ ಅಂದ್ರೂ ಎಸೀಲಿಲ್ಲ," ಎಂದರು ವೈನಿ. "ಅದು ಕಣ್ಣಿಗೆ ಬಿದ್ದಾಗೆಲ್ಲ ನಾ ಮುಖ ತಿರ್ಗ್ಸ್ಕಂಬೂದು. ಕೊಟ್ಟದ್ದು ನಾನೇ ಅಲ್ಲಾ? ನೀವು ಹೇಳಿದ್ರಿ ಹೌದು, ಆದ್ರೂ ನಾ ಒಂದ್ ಫೋನ್ ಮಾಡಿ ಅವ್ರನ್ನ ಕೇಳ್ಬೇಕಾಗಿತ್ತು. ಒಂದೂವರೆ ದಿನಕ್ಕೆ ಬಿಡೂ ಮನ್ಶಾ ಅಲ್ಲ ಅಂತ ನಂಗೆ ಗೊತ್ತಿತ್ತಲ್ಲಾ. ಅವ್ರೇ ನಿಮ್ಗೆ ತಕಂಡು ಹೋಗು ಅಂದು, ಆಮೇಲೆ ಮರ್ತ್ರೋ, ಎಂತದೋ. ನಾನೂ ಕೇಳ್ಲಿಲ್ಲ, ಅವ್ರೂ ಕೇಳ್ಲಿಲ್ಲ. ಒಂದ್ ಮಾತು ಬೈಲಿಲ್ಲ. ಅದು ಸುಟ್ ಮರ್ದಿವ್ಸ ಹೋಗೂಕಾದ್ರೆ ಬೀಗ ಹಾಕಂಡು ಹೋದ್ರು. ಅಲ್ಲಿಂದ ಅಷ್ಟೇ."

ಡಬ್ಬಿ ನನ್ನ ಕೈಯಲ್ಲಿತ್ತು. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಹೊರಡಬಹುದಾಗಿತ್ತು. ಈ ಸಲವೂ ಯಾರೂ ತಡೆಯುತ್ತಿರಲಿಲ್ಲ.

"ದಾದಾ ಫೋನ್ ಮಾಡ್ಲಿಲ್ಲಾಗಿತ್ತು, ವೈನಿ," ಎಂದೆ. "ತಕಂಡು ಹೋಗು ಅಂತ್ಲೂ ಹೇಳ್ಲಿಲ್ಲಾಗಿತ್ತು. ನಾ ನಿಮ್ಗೆ ಸುಳ್ಳು ಹೇಳ್ದೆ."

ಅವರು ನನ್ನ ಮುಖ ನೋಡಿದರು. ಹೊರಗೆ ರಸ್ತೆಯಲ್ಲಿ ಮೀನಿನ ರಿಕ್ಷಾ ಹಾರ್ನ್ ಹೊಡೆಯುತ್ತ ಹೋಯಿತು.

"ಸುಟ್ ದಿನ ಅವ್ರು ನಿಮ್ಮನ್ನ ಕೇಳಿದ್ರಾ?"

"ಕೇಳಿದ್ರು."

"ಎಂತಾ ಹೇಳಿದ್ರಿ?"

"ವೈನಿ ಕೊಟ್ರು ಅಂದೆ."

"ಅಷ್ಟೇ?"

"ಅಷ್ಟೇ."

ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ. ಬೈದಿದ್ದರೆ ಕೇಳಿಸಿಕೊಳ್ಳಲು ತಯಾರಾಗಿ ನಿಂತಿದ್ದೆ, ಬೈಯಲೂ ಇಲ್ಲ. ಗೋಡೆಗೆ ಒರಗಿ, ಬಹಳ ಮೆಲ್ಲಗೆ, "ಇದ್ನ ನಂಗೆ ಹೇಳಿ ಎಂತಾ ಪ್ರಯೋಜ್ನ? ಅವ್ರಿಗೆ ಹೇಳ್ಬೇಕಾಗಿತ್ತು" ಎಂದರು. "ಆರ್ ವರ್ಷ ಇದ್ರಲ್ಲಾ. ಇಲ್ಲೇ ಕೂತಿದ್ರಲ್ಲಾ."

ಆ ಆರು ವರ್ಷಗಳಲ್ಲಿ ಎಷ್ಟು ಸಲ ಆ ಮೇಜಿನ ಎದುರು ಕೂತು ಅವರ ಬಾಯಿಯ ಸ್ಕ್ರೂಗಳು ಮುಗಿಯುವುದನ್ನು ಕಾದಿದ್ದೇನೆ. ಅವರು ಮಾತಾಡುವಂತಿಲ್ಲದ ಆ ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಬಹುದಾಗಿತ್ತು.

ವೈನಿ ಮೇಜಿನ ಡ್ರಾಯರ್ ಎಳೆದು ದಾದಾನ ಪೆನ್ನು ತೆಗೆದರು. ನನ್ನ ಕೈಯಿಂದ ಡಬ್ಬಿ ಇಸಕೊಂಡು, ಅವರ ಫೋಟೋದ ಮುಂದಿಟ್ಟು, ಚೀಟಿಯನ್ನು ನನ್ನ ಕಡೆಗೆ ತಿರುಗಿಸಿದರು.

"ಬರೀರಿ," ಎಂದರು. "ಅವ್ರು ಚೀಟಿಲಿ ಬರ್ದದ್ನ ಮಾತ್ರ ನಂಬೂದು."

ಪೆನ್ನು ತೆಗೆದುಕೊಂಡೆ. 'ಒಂದೂವರೆ ದಿನ' ಎಂಬುದರ ಕೆಳಗೆ ಜಾಗ ಖಾಲಿಯಿತ್ತು. 'ವೈನಿಗೆ ಸುಳ್ಳು ಹೇಳಿ ನಾನೇ ಒಯ್ದೆ' ಎಂದು ಬರೆದೆ. ವೈನಿ ಅದನ್ನು ಓದಿದರು, ಇನ್ನೊಮ್ಮೆ ಓದಿದರು. ಚೀಟಿಯ ದಾರ ಸಡಿಲಾಗಿತ್ತು, ಬಿಗಿಯಾಗಿ ಕಟ್ಟಿ ಡಬ್ಬಿಯನ್ನು ಅಲ್ಲಿಯೇ ಬಿಟ್ಟರು.

ಆಮೇಲೆ ಬಾಗಿಲ ಕಡೆ ಬಂದರು. ಸ್ಟೂಲಿನ ಮೇಲಿದ್ದ ಮಾನಿಟರನ್ನು ಎರಡೂ ಕೈಯಿಂದ ಎತ್ತಿದರು. ಭಾರವಾದದ್ದು, ನಾನು ಕೈ ಕೊಡಲು ಹೋದೆ, ಬೇಡವೆಂದು ತಲೆಯಾಡಿಸಿದರು. ಅದನ್ನು ನೆಲದ ಮೇಲಿಟ್ಟು, ಸೆರಗಿನಿಂದ ಸ್ಟೂಲಿನ ಧೂಳು ಒರೆಸಿ, ಹತ್ತಿ ಕೂತರು. ರಸ್ತೆಯನ್ನು ನೋಡುತ್ತ ಕೂತಿದ್ದರು. ನಾನು ತಲೆ ಬಗ್ಗಿಸಿ ಶಟರಿನ ಕೆಳಗಿಂದ ಹೊರಗೆ ಬಂದೆ.